ದೊಡ್ಡ ಐಡಿಗೆ ಒಂದು ಕೂಡಿಸಿ ಪ್ರೈಮರಿ ಕೀ ಮಾಡ್ತಿದ್ದೀರಾ? ದಯವಿಟ್ಟು ನಿಲ್ಲಿಸಿ

ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ರಕ್ತ ಪರೀಕ್ಷೆ ಲ್ಯಾಬ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7. ಪೇಷೆಂಟ್ ಟೇಬಲ್‌ನಲ್ಲಿ ಇರುವ ದೊಡ್ಡ ಐಡಿ ಹುಡುಕಿ, ಒಂದು ಕೂಡಿಸಿ, ಅದನ್ನೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ, ಇನ್ನೊಂದು ಸಾಲಿಗೆ ಇರಬಾರದ ನಂಬರ್) ಮಾಡಿ ಇನ್ಸರ್ಟ್ ಮಾಡುತ್ತಿದ್ದೆ. ಒಂದೇ ಕೌಂಟರ್ ಇದ್ದಷ್ಟು ದಿನ ಏನೂ ತೊಂದರೆ ಆಗಲಿಲ್ಲ.

ಎರಡನೇ ಕೌಂಟರ್ ಬಂತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಜನ ಸಾಲು ನಿಲ್ಲುವ ಹೊತ್ತಲ್ಲೇ 'ಡೂಪ್ಲಿಕೇಟ್ ಎಂಟ್ರಿ' ಎರರ್ ಶುರುವಾಯಿತು. ಎರಡೂ ಕಡೆ ಒಂದೇ ಕ್ಷಣಕ್ಕೆ 18451 ಅಂತ ಓದುತ್ತವೆ, ಎರಡೂ 18452 ಬರೆಯಲು ಹೋಗುತ್ತವೆ. ಎರರ್ ಬಂದರೆ ಮತ್ತೆ ಪ್ರಯತ್ನಿಸಲಿ ಅಂತ ನಾಲ್ಕು ಸಾಲು ಕೋಡ್ ಸೇರಿಸಿ ಸುಮ್ಮನಾದೆ. ಹಾಗೆ ಮಾಡಬಾರದಿತ್ತು.

ಒಂದು ದಿನ ಒಬ್ಬರ ಹೆಸರು ಎರಡು ಸಲ ಎಂಟ್ರಿ ಆಗಿತ್ತು. ಶುಗರ್ ರಿಸಲ್ಟ್ ಹಾಕಿದ ಮೇಲೆ ಅದು ಗೊತ್ತಾಗಿ, ಕೊನೆಯದನ್ನು ಡಿಲೀಟ್ ಮಾಡಿದರು. ಮುಂದೆ ಬಂದ ಅಜ್ಜಿಗೆ ಅದೇ ನಂಬರ್ ಸಿಕ್ಕಿತು. ರಿಸಲ್ಟ್ ಟೇಬಲ್‌ಗೆ ನಾನು ಫಾರಿನ್ ಕೀ (ರಿಸಲ್ಟನ್ನು ಪೇಷೆಂಟ್ ಸಾಲಿಗೆ ಕಟ್ಟಿಹಾಕುವ ನಿಯಮ) ಹಾಕಿರಲಿಲ್ಲ, ಹಳೆಯ ಸಾಲು ಅಲ್ಲೇ ಕೂತಿತ್ತು. ಅಜ್ಜಿಯ ರಿಪೋರ್ಟಿನಲ್ಲಿ ಶುಗರ್ 312 ಅಂತ ಪ್ರಿಂಟ್ ಆಯಿತು. "ಸರ್, ಇವರು ಶುಗರ್ ಟೆಸ್ಟೇ ಮಾಡಿಸಿಲ್ಲ, ಇದೆಲ್ಲಿಂದ ಬಂತು?" ಅಂತ ಟೆಕ್ನಿಷಿಯನ್ ಫೋನ್ ಮಾಡಿದಾಗ ಕೈಕಾಲು ತಣ್ಣಗಾಯಿತು. ಅವರು ನೋಡದೆ ಕವರಿಗೆ ಹಾಕಿದ್ದರೆ?

ಆಟೋ ಇನ್‌ಕ್ರಿಮೆಂಟ್‌ಗೆ ಬದಲಾಯಿಸಿದೆ, ಅಂದರೆ ಮುಂದಿನ ನಂಬರನ್ನು ಡೇಟಾಬೇಸೇ ಕೊಡುವ ಹಾಗೆ ಮಾಡಿದೆ. ಎರಡು ಕೌಂಟರಿನ ಜಗಳ ಅಲ್ಲಿಗೆ ಮುಗಿಯಿತು. ಆದರೆ ಇಲ್ಲೂ ಒಂದು ಗುಂಡಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 5.7ರ ತನಕ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಎಂಜಿನ್) ಮುಂದಿನ ನಂಬರನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುತ್ತಿತ್ತು. ಸರ್ವರ್ ರೀಸ್ಟಾರ್ಟ್ ಆದರೆ ಮತ್ತೆ ಟೇಬಲ್‌ನ ದೊಡ್ಡ ಐಡಿ ನೋಡಿಯೇ ಲೆಕ್ಕ ಶುರು. ಅಂದರೆ ಕೊನೆಯ ಸಾಲು ಡಿಲೀಟ್ ಆಗಿ, ಕರೆಂಟ್ ಹೋಗಿ ಬಂದರೆ ಅದೇ ಹಳೇ ಕಥೆ. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಇದು ಸರಿಹೋಯಿತು.

ಈಗ ಆ ಲ್ಯಾಬ್‌ನಲ್ಲಿ 8.0 ಇದೆ, ಫಾರಿನ್ ಕೀ ಇದೆ. ಯಾವ ಪೇಷೆಂಟ್ ಎಂಟ್ರಿಯನ್ನೂ ಡಿಲೀಟ್ ಮಾಡುವುದಿಲ್ಲ, 'ರದ್ದು' ಅಂತ ಗುರುತು ಹಾಕುತ್ತೇವೆ. ರೋಲ್‌ಬ್ಯಾಕ್ ಆದಾಗ (ಅರ್ಧಕ್ಕೆ ನಿಂತ ಎಂಟ್ರಿಯನ್ನು ಡೇಟಾಬೇಸ್ ವಾಪಸ್ ತೆಗೆದಾಗ) ನಡುವೆ ಒಂದೆರಡು ನಂಬರ್ ಬಿಟ್ಟುಹೋಗುತ್ತದೆ. "ಬಿಲ್ ನಂಬರ್ ಸಾಲಾಗಿ ಬರ್ತಿಲ್ಲ" ಅಂತ ಮಾಲೀಕರು ಕೇಳಿದರು, ಅದಕ್ಕೆ ಬೇರೆ ಕಾಲಮ್ ಮಾಡಿಕೊಟ್ಟೆ. ಪ್ರೈಮರಿ ಕೀ ಮುಟ್ಟಲಿಲ್ಲ.

ನಿಮ್ಮ ಕೋಡ್‌ನಲ್ಲೂ 'ಮ್ಯಾಕ್ಸ್' (ದೊಡ್ಡ ಐಡಿ ಹುಡುಕುವ ಫಂಕ್ಷನ್) ಎಲ್ಲೆಲ್ಲಿದೆ ಅಂತ ಇವತ್ತೇ ಒಂದ್ಸಲ ಹುಡುಕಿ ನೋಡಿ.