ಊರಿಂದ ಬಂದು ದೇವನಹಳ್ಳಿಯಲ್ಲಿ ವಿಮಾನ ಹಿಡಿಯುವುದು: ವಾಯು ವಜ್ರ, ಫ್ಲೈಬಸ್, ರೈಲು, ಸಾದಾ ಬಸ್ಸು – ಒಂದು ಹೋಲಿಕೆ

ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಕೆಂಪೇಗೌಡ ವಿಮಾನ ನಿಲ್ದಾಣ ಇನ್ನೂ ಸುಮಾರು 35 ಕಿ.ಮೀ. ದೂರ. 2008ರಲ್ಲಿ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ಹೋದ ಈ ನಿಲ್ದಾಣಕ್ಕೆ ಮೆಟ್ರೋ ಮಾರ್ಗದ ಕಾಮಗಾರಿ ನಡೆದಿದೆಯಾದರೂ ಈಗ ಊರಿನಿಂದ ಬಂದವರ ಕೈಗೆ ಸಿಗುವ ಸಾರ್ವಜನಿಕ ಸಾರಿಗೆ ನಾಲ್ಕು ಬಗೆಯದು. ನಾಲ್ಕನ್ನೂ ಲಗೇಜ್ ಸಮೇತ ಹತ್ತಿ ಇಳಿದು ನೋಡಿದ ಮೇಲೆ ಗಟ್ಟಿಯಾದ ಮಾತು ಒಂದೇ: ದುಡ್ಡು ನೋಡಿ ದಾರಿ ಆರಿಸಬೇಡಿ. ಬೆಂಗಳೂರನ್ನು ಯಾವ ದಿಕ್ಕಿನಿಂದ ಹೊಗುತ್ತೀರಿ, ಕೈಯಲ್ಲಿ ಎಷ್ಟು ಬ್ಯಾಗು ಇವೆ, ದಾರಿಯಲ್ಲಿ ವಾಹನಗಳು ಕಿಕ್ಕಿರಿಯುವ ಹೆಬ್ಬಾಳವನ್ನು ಯಾವ ಹೊತ್ತಿಗೆ ದಾಟುತ್ತೀರಿ – ಈ ಮೂರನ್ನು ನೋಡಿ.

ಮೊದಲು ವಾಯು ವಜ್ರ. ಬಿಎಂಟಿಸಿಯ ಈ ಎಸಿ ಬಸ್ಸುಗಳ ಮುಂದೆ ‘ಕೆಐಎ’ (ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂದು ಬರೆದು ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಮೆಜೆಸ್ಟಿಕ್‌ನಿಂದ ಹೋಗುವುದು ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಹೋಗುವುದು ಕೆಐಎ-8. ಮೊದಲ ಸಲ ಬರುವವರು ಎಡವುವುದು ಬಸ್ಸಿನಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ. ಮೆಜೆಸ್ಟಿಕ್‌ನಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಿವೆ. ದೂರದೂರಿನ ಕೆಂಪು ಬಸ್ಸುಗಳು ನಿಲ್ಲುವುದು ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ. ವಾಯು ವಜ್ರ ಸಿಗುವುದು ರಸ್ತೆಯ ಇನ್ನೊಂದು ಬದಿಯ ಬಿಎಂಟಿಸಿ ನಿಲ್ದಾಣದಲ್ಲಿ. ನಡುವಿನ ದಾರಿಯಲ್ಲಿ ಮೆಟ್ಟಿಲುಗಳಿವೆ. 23 ಕಿಲೋದ ಎರಡು ಸೂಟ್‌ಕೇಸ್ ಇದ್ದರೆ ಆ ಮೆಟ್ಟಿಲಿಗೇ ಒಬ್ಬರ ಸಹಾಯ ಬೇಕು, ಹದಿನೈದು ನಿಮಿಷವೂ ಬೇಕು. ರೈಲಿನಲ್ಲಿ ಬಂದವರಿಗೂ ಇದೇ ಪಾಡು. ಪ್ಲಾಟ್‌ಫಾರ್ಮ್ ಸಂಖ್ಯೆ ಆಗಾಗ ಬದಲಾಗುವುದರಿಂದ ಅದನ್ನು ಬಾಯಿಪಾಠ ಮಾಡಿಕೊಂಡು ಬರುವ ಬದಲು, ಒಳಗೆ ಕಾಲಿಟ್ಟೊಡನೆ ಯಾರಾದರೂ ಕಂಡಕ್ಟರನ್ನು ‘ಏರ್‌ಪೋರ್ಟ್ ಬಸ್ ಎಲ್ಲಿ ಸಾರ್?’ ಎಂದು ಕೇಳಿಬಿಡಿ.

ಬಸ್ಸಿನೊಳಗೆ ಲಗೇಜ್ ಇಡಲು ಕಬ್ಬಿಣದ ಅಟ್ಟಣಿಗೆ ಇದೆ. ಭಾರದ್ದನ್ನು ಕೆಳಗಿನ ಹಂತದಲ್ಲಿ, ಚಕ್ರಗಳು ಬಸ್ಸು ಓಡುವ ದಿಕ್ಕಿಗೆ ಇರದಂತೆ ಮಲಗಿಸಿ ಇಡಬೇಕು. ನಿಲ್ಲಿಸಿ ಇಟ್ಟ ನಾಲ್ಕು ಚಕ್ರದ ಸೂಟ್‌ಕೇಸ್ ಮೇಖ್ರಿ ವೃತ್ತದಲ್ಲಿ ಚಾಲಕ ಬ್ರೇಕ್ ಹಾಕಿದ ಕೂಡಲೇ ಉರುಳಿಕೊಂಡು ಬಾಗಿಲ ತನಕ ಬರುತ್ತದೆ. ಆದಷ್ಟೂ ಅಟ್ಟಣಿಗೆ ಕಣ್ಣಿಗೆ ಬೀಳುವ ಸೀಟಿನಲ್ಲೇ ಕುಳಿತುಕೊಳ್ಳಿ. ಪಾಸ್‌ಪೋರ್ಟ್, ಔಷಧಿ, ದುಡ್ಡು ಇರುವ ಚೀಲ ಮಾತ್ರ ತೊಡೆಯ ಮೇಲೇ ಇರಲಿ. ಟಿಕೆಟ್ ಬಸ್ಸಿನಲ್ಲೇ ಕೊಡುತ್ತಾರೆ. ಫೋನಿನಿಂದ ಯುಪಿಐ ಮೂಲಕವೂ ಕೊಡಬಹುದು, ಆದರೆ ಸಿಗ್ನಲ್ ಕೈಕೊಟ್ಟರೆ ಎಂದು ತಲೆಗೆ ₹300ರಷ್ಟು ನಗದು, ಅದರಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಂಡಿರಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲಿ ನಡೆಯುವುದಿಲ್ಲ. ಅದು ಸಾದಾ ಬಸ್ಸಿಗೆ ಮಾತ್ರ. ಆಧಾರ್ ತೋರಿಸಿ ವಾದಕ್ಕಿಳಿಯುವ ಅಮ್ಮಂದಿರಿಗೆ ಇದನ್ನು ಮನೆಯಲ್ಲೇ ಹೇಳಿ ಕಳುಹಿಸಿ.

ಹೊತ್ತಿನ ಲೆಕ್ಕಕ್ಕೆ ಬರೋಣ. ಬೆಳಗಿನ ಐದಕ್ಕೆ ಮೆಜೆಸ್ಟಿಕ್ ಬಿಟ್ಟರೆ ಒಂದು ಗಂಟೆಯ ಆಸುಪಾಸಿನಲ್ಲಿ ತಲುಪುತ್ತದೆ. ಅದೇ ಬಸ್ಸು ಸಂಜೆ ಐದೂವರೆಗೆ ಹೊರಟರೆ ಎರಡು ಗಂಟೆಯಾದರೂ ಅಚ್ಚರಿಯಿಲ್ಲ. ಕಾರಣ ಹೆಬ್ಬಾಳ. ಹೊರವರ್ತುಲ ರಸ್ತೆಯ ವಾಹನ, ಬಳ್ಳಾರಿ ರಸ್ತೆಯ ವಾಹನ, ಯಲಹಂಕಕ್ಕೆ ಮನೆಗೆ ಹೋಗುವವರು, ಏರ್‌ಪೋರ್ಟಿನವರು ಎಲ್ಲರೂ ಅದೊಂದೇ ಕುತ್ತಿಗೆಯೊಳಗೆ ನುಗ್ಗಬೇಕು. ಹೆಬ್ಬಾಳ ದಾಟಿ ಮೇಲ್ಸೇತುವೆ ಹತ್ತಿದರೆ ಆಮೇಲೆ ವಿಮಾನ ನಿಲ್ದಾಣಕ್ಕೆ ಮುಂಚೆ ಸಿಗುವ ಸಾದಹಳ್ಳಿ ತನಕ ಹೆಚ್ಚು ಚಿಂತೆಯಿಲ್ಲ. ಆದ್ದರಿಂದ ಸಮಯವನ್ನು ಹಿಂದಿನಿಂದ ಎಣಿಸಿ. ಸಂಜೆ 6.30ರ ದೇಶೀಯ ವಿಮಾನ ಎಂದುಕೊಳ್ಳಿ. ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಅಂದರೆ 5.30ಕ್ಕೆ ಬ್ಯಾಗ್ ಕೊಡುವ ಕೌಂಟರ್ ಮುಚ್ಚುತ್ತದೆ. ಸಾಲು ನೋಡಿಕೊಂಡು 4.30ಕ್ಕೆ ಬಾಗಿಲಲ್ಲಿರಬೇಕು. ಹಾಗಾಗಿ 2.30ರ ಒಳಗೆ ಬಸ್ಸು ಮೆಜೆಸ್ಟಿಕ್ ಬಿಟ್ಟಿರಬೇಕು, ನೀವು ಎರಡು ಗಂಟೆಗೇ ಪ್ಲಾಟ್‌ಫಾರ್ಮಿನಲ್ಲಿರಬೇಕು. ವಿದೇಶಕ್ಕಾದರೆ ಇದಕ್ಕೆ ಇನ್ನೊಂದೂವರೆ ಗಂಟೆ ಸೇರಿಸಿ.

ಮೈಸೂರಿನವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ಟಿಕೆಟ್ಟಿಗೆ ವಾಯು ವಜ್ರಕ್ಕಿಂತ ಬಹಳ ಹೆಚ್ಚು ಕೊಡಬೇಕು ನಿಜ. ಆದರೆ ಬಿಡಿ ದಾರಿಯ ಲೆಕ್ಕ ಹಾಕಿ: ಮೈಸೂರಿನ ಬಸ್ಸು, ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್‌ಗೆ ಆಟೋ ಅಥವಾ ಮೆಟ್ರೋ, ಅಲ್ಲಿಂದ ಕೆಐಎ-9. ಲಗೇಜನ್ನು ಮೂರು ಸಲ ಏರಿಸಿ ಇಳಿಸುವ ಕೆಲಸ. ಫ್ಲೈಬಸ್ಸಿನಲ್ಲಿ ಸೂಟ್‌ಕೇಸ್ ಒಮ್ಮೆ ಡಿಕ್ಕಿಗೆ ಹೋದರೆ ಮತ್ತೆ ಹೊರಗೆ ಬರುವುದು ಟರ್ಮಿನಲ್ ಮುಂದೆಯೇ. ಅಮೆರಿಕದಲ್ಲಿರುವ ಮಗಳ ಮನೆಗೆ ಹಪ್ಪಳ, ಚಟ್ನಿಪುಡಿ ತುಂಬಿಕೊಂಡು ಹೊರಟ ಅಪ್ಪ ಅಮ್ಮನಿಗೆ ಕಣ್ಣು ಮುಚ್ಚಿ ಇದನ್ನೇ ಬುಕ್ ಮಾಡಿ. ಪ್ರಯಾಣಕ್ಕೆ ನಾಲ್ಕು ಗಂಟೆ ಹಿಡಿಯಿರಿ, ಸಂಜೆಯಾದರೆ ಐದು. ವೇಳಾಪಟ್ಟಿಯಲ್ಲಿ ನಿಮ್ಮ ವಿಮಾನಕ್ಕೆ ಸರಿಹೊಂದುವ ಬಸ್ಸಿಗಿಂತ ಒಂದು ಮುಂಚಿನದನ್ನು ಹಿಡಿದರೆ ನೆಮ್ಮದಿ.

ಮೆಟ್ರೋ ಬಗ್ಗೆ ಒಂದು ಮಾತು, ಏಕೆಂದರೆ ಅರ್ಧ ದಾರಿಗೆ ಅದು ಉಪಯೋಗಕ್ಕೆ ಬರುತ್ತದೆ. ಮೈಸೂರು ರಸ್ತೆಯಿಂದ ನೇರಳೆ ಮಾರ್ಗ, ತುಮಕೂರು ರಸ್ತೆಯಿಂದ ಹಸಿರು ಮಾರ್ಗ, ಎರಡೂ ಮೆಜೆಸ್ಟಿಕ್‌ಗೆ ಬರುತ್ತವೆ. ಆದರೆ ದೊಡ್ಡ ಸೂಟ್‌ಕೇಸಿಗೆ ನಮ್ಮ ಮೆಟ್ರೋದಲ್ಲಿ ಬೇರೆ ಟಿಕೆಟ್ ಉಂಟು. 60×45×25 ಸೆಂ.ಮೀ. ಅಳತೆ, 15 ಕಿಲೋ ತೂಕ ಮೀರಿದ ಬ್ಯಾಗಿಗೆ ₹30 ಕೇಳುತ್ತಾರೆ. ತಪಾಸಣೆ ಯಂತ್ರದ ಬಳಿ ನಿಲ್ಲಿಸಿದಾಗ ಗಾಬರಿಯಾಗಬೇಡಿ, ಕೌಂಟರಿನಲ್ಲಿ ಕಟ್ಟಿ ಮುಂದೆ ಹೋಗಿ. ಇನ್ನೊಂದು ತೊಡಕೆಂದರೆ ಭಾನುವಾರ. ಅಂದು ಮೆಟ್ರೋ ಶುರುವಾಗುವುದೇ ಬೆಳಿಗ್ಗೆ ಏಳಕ್ಕೆ. ಭಾನುವಾರ ಬೆಳಗಿನ ವಿಮಾನಕ್ಕೆ ಮೆಟ್ರೋವನ್ನು ನಂಬಬೇಡಿ.

ತುಮಕೂರು ರಸ್ತೆಯಿಂದ ಬರುವ ದಾವಣಗೆರೆ, ಚಿತ್ರದುರ್ಗದವರಿಗೆ ಇನ್ನೊಂದು ಒಳದಾರಿಯಿದೆ. ಮೆಜೆಸ್ಟಿಕ್ ತನಕ ಹೋಗದೆ ಗೊರಗುಂಟೆಪಾಳ್ಯದಲ್ಲಿ ಇಳಿದು, ಹೊರವರ್ತುಲ ರಸ್ತೆಯ ಬಿಎಂಟಿಸಿ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋಗಿ, ಅಲ್ಲಿ ವಾಯು ವಜ್ರ ಹತ್ತುವುದು. ನಕ್ಷೆಯಲ್ಲಿ ನೋಡಿದರೆ ಇದೇ ಸರಿ ಅನಿಸುತ್ತದೆ, ದೂರವೂ ಕಡಿಮೆ. ಕಷ್ಟವಿರುವುದು ಹೆಬ್ಬಾಳದ ನೆಲದ ಮೇಲೆ. ವರ್ತುಲ ರಸ್ತೆಯ ಬಸ್ಸು ಇಳಿಸುವ ಜಾಗ ಒಂದು, ಏರ್‌ಪೋರ್ಟ್ ಕಡೆಯ ಬಸ್ಸು ನಿಲ್ಲುವ ಎಸ್ಟೀಮ್ ಮಾಲ್ ಬದಿ ಇನ್ನೊಂದು. ನಡುವೆ ಮೇಲ್ಸೇತುವೆಯ ಕಂಬಗಳು, ಸರ್ವಿಸ್ ರಸ್ತೆ, ಕಾಮಗಾರಿಯ ತಗಡು ಬೇಲಿ. ಬೆನ್ನಿಗೊಂದು ಚೀಲ ಹಾಕಿಕೊಂಡವರು ಆರಾಮಾಗಿ ದಾಟುತ್ತಾರೆ, ಅವರಿಗೆ ಈ ದಾರಿ ಲಾಭವೇ. ಚಕ್ರದ ಸೂಟ್‌ಕೇಸ್ ಎಳೆಯುವವರು, ವಯಸ್ಸಾದವರು, ಮಕ್ಕಳಿದ್ದವರು ಈ ಗೋಜಿಗೆ ಹೋಗಬೇಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹೊರಡುವ ಜಾಗದಲ್ಲೇ ಹತ್ತಿದರೆ ಸೀಟೂ ಇರುತ್ತದೆ, ಅಟ್ಟಣಿಗೆಯಲ್ಲಿ ಜಾಗವೂ ಇರುತ್ತದೆ. ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಎರಡೂ ತುಂಬಿರಬಹುದು.

ಇನ್ನು ರೈಲು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಮಾರ್ಗದಲ್ಲಿ, ದೇವನಹಳ್ಳಿಗಿಂತ ಮೊದಲು ಕೆಂಪೇಗೌಡ ವಿಮಾನ ನಿಲ್ದಾಣ ಹಾಲ್ಟ್ ಎಂಬ ಪುಟ್ಟ ನಿಲ್ದಾಣವಿದೆ. 2021ರ ಜನವರಿಯಿಂದ ಇಲ್ಲಿ ರೈಲು ನಿಲ್ಲುತ್ತಿದೆ. ದರದಲ್ಲಿ ಇದಕ್ಕೆ ಸಾಟಿಯೇ ಇಲ್ಲ, ಒಂದು ಕಾಫಿಯ ದುಡ್ಡಿಗೆ ತಲುಪಿಸುತ್ತದೆ. ಹೆಬ್ಬಾಳದ ವಾಹನಸಾಲೂ ತಾಕುವುದಿಲ್ಲ. ಆದರೂ ಹೊಸಬರಿಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲಾಗದು. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು, ಭಾನುವಾರ ಅದೂ ಕಡಿಮೆ. ಒಂಟಿ ಹಳಿಯ ಮಾರ್ಗವಾದ್ದರಿಂದ ಎದುರಿನ ರೈಲಿಗೆ ದಾರಿ ಬಿಡಲು ನಿಂತಿತೆಂದರೆ ನಿಮ್ಮ ಲೆಕ್ಕ ತಪ್ಪುತ್ತದೆ, ಮುಂದಿನ ರೈಲು ಬರುವಷ್ಟರಲ್ಲಿ ವಿಮಾನ ಹಾರಿರುತ್ತದೆ. ಇಳಿದ ಜಾಗವೂ ಟರ್ಮಿನಲ್ ಅಲ್ಲ. ಹಾಲ್ಟ್‌ನಿಂದ ಟರ್ಮಿನಲ್‌ಗೆ ಕೆಲವು ಕಿ.ಮೀ. ಇದ್ದು, ವಿಮಾನ ನಿಲ್ದಾಣದ ಶಟಲ್ ಬಸ್ಸಿನಲ್ಲೇ ಹೋಗಬೇಕು. ರೈಲಿಳಿದು ಪ್ಲಾಟ್‌ಫಾರ್ಮಿನ ಮೇಲೆ ಫೋಟೋ ತೆಗೆಯುತ್ತಾ ನಿಲ್ಲದೆ ನೇರ ಶಟಲ್ ಹತ್ತಿ. ರೈಲಿನ ವೇಳೆ ನಿಮ್ಮ ವಿಮಾನಕ್ಕಿಂತ ಮೂರು ಗಂಟೆ ಮೊದಲು ಬೀಳುವಂತಿದ್ದರೆ, ಲಗೇಜ್ ಹಗುರವಿದ್ದರೆ, ಧೈರ್ಯವಾಗಿ ಹೋಗಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯವರಿಗೆ ಮಾತ್ರ ಈ ಮಾರ್ಗ ನಿಜವಾದ ಅನುಕೂಲ. ಅವರು ಬೆಂಗಳೂರಿನೊಳಗೆ ಕಾಲಿಡದೆಯೇ ಬಂದುಬಿಡಬಹುದು.

ಮುಂಬೈ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿ, ರಾಯಚೂರಿನಿಂದ ಬರುವವರು ಮೆಜೆಸ್ಟಿಕ್ ತನಕ ಕೂರುವ ಅಗತ್ಯವಿಲ್ಲ. ಯಲಹಂಕದಲ್ಲಿ ಇಳಿದು ಕೋಗಿಲು ಕ್ರಾಸಿಗೆ ಆಟೋ ಹಿಡಿದರೆ ವಾಯು ವಜ್ರ ಸಿಗುತ್ತದೆ. ಹೆಬ್ಬಾಳ ಆಗಲೇ ಬೆನ್ನ ಹಿಂದೆ ಇರುತ್ತದೆ.

ಸಾದಾ ಬಸ್ಸು ಕೊನೆಯದು. ದೇವನಹಳ್ಳಿ ಬೋರ್ಡಿನ ಬಸ್ಸುಗಳು ಹೆದ್ದಾರಿಯಲ್ಲೇ ಸಾಗುತ್ತವೆ, ಟರ್ಮಿನಲ್ ತನಕ ಹೋಗುವುದಿಲ್ಲ. ‘ಏರ್‌ಪೋರ್ಟ್ ಹತ್ರ ಹೋಗುತ್ತೆ’ ಎಂಬ ಮಾತು ನಂಬಿ ಹತ್ತಿದವರು ಹೆದ್ದಾರಿಯ ತಿರುವಿನಲ್ಲಿ ಇಳಿದು ಪೇಚಾಡುತ್ತಾರೆ. ಅಲ್ಲಿಂದ ಟರ್ಮಿನಲ್ ನಡೆಯುವ ದೂರವಲ್ಲ, ನಡೆಯುವವರಿಗೆ ಮಾಡಿದ ರಸ್ತೆಯೂ ಅಲ್ಲ. ಹತ್ತಲೇಬೇಕಾದರೆ ಸಾದಹಳ್ಳಿ ಗೇಟಿನಲ್ಲಿ ಇಳಿದು, ಹಿಂದೆ ಬರುವ ವಾಯು ವಜ್ರಕ್ಕೆ ಕೈ ಮಾಡಿ. ಹೆಣ್ಣುಮಕ್ಕಳಿಗೆ ಸಾದಹಳ್ಳಿ ತನಕ ಶಕ್ತಿ ಟಿಕೆಟ್ ನಡೆಯುತ್ತದೆ, ಉಳಿದ ತುಂಡು ದಾರಿಗಷ್ಟೇ ದುಡ್ಡು. ನಿಲ್ದಾಣದಲ್ಲಿ ಕೆಲಸಕ್ಕೆ ಹೋಗುವವರಿಗೆ, ಕೈಬೀಸಿಕೊಂಡು ಹೋಗುವವರಿಗೆ ಇದು ಸರಿ. ವಿಮಾನ ಏರುವ ದಿನಕ್ಕೆ ಬೇಡ.

ಯಾವ ಬಸ್ಸಿನಲ್ಲಿ ಹೋದರೂ ಹೊರಡುವ ಮುನ್ನ ಟಿಕೆಟ್ಟಿನಲ್ಲಿ ಟರ್ಮಿನಲ್ 1 ಎಂದಿದೆಯೋ 2 ಎಂದಿದೆಯೋ ನೋಡಿಕೊಳ್ಳಿ. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಟರ್ಮಿನಲ್ 2ರಿಂದ ಹಾರುತ್ತವೆ, ದೇಶೀಯ ವಿಮಾನಗಳು ಎರಡರಲ್ಲೂ ಹಂಚಿಹೋಗಿವೆ. ಟಿಕೆಟ್ ಹರಿಯುವಾಗಲೇ ಕಂಡಕ್ಟರಿಗೆ ಟರ್ಮಿನಲ್ ಹೇಳಿಬಿಟ್ಟರೆ ಎಲ್ಲಿ ಇಳಿಯಬೇಕೆಂದು ಅವರೇ ಕೂಗುತ್ತಾರೆ. ತಪ್ಪಿ ಇನ್ನೊಂದರ ಮುಂದೆ ಇಳಿದರೆ ಎರಡು ಟರ್ಮಿನಲ್‌ಗಳ ನಡುವೆ ಓಡಾಡುವ ಶಟಲ್ ಉಚಿತ. ಅದಕ್ಕೆ ಕಾಯುವುದೂ ಸೇರಿ ಇಪ್ಪತ್ತು ನಿಮಿಷ ಕೈಯಲ್ಲಿರಲಿ.