ಹಳೆ ಜೆನ್‌ಗೆ ಆಕ್ಸೆಲ್ ಸೀಲ್: ಕಂಪನಿ ಸೀಲ್, ಜೆ.ಸಿ. ರೋಡ್ ಮಾಲು, ಸೈಜ್ ಸೀಲ್, ಆನ್‌ಲೈನ್

ಮೊದಲೇ ಹೇಳಿಬಿಡುತ್ತೇನೆ. ಹಳೆ ಮಾರುತಿ ಜೆನ್‌ನ ಗೇರ್ ಬಾಕ್ಸ್ ಪಕ್ಕದಿಂದ ಆಯಿಲ್ ಇಳಿಯುತ್ತಿದ್ದರೆ, ಮಾರುತಿ ಪಾರ್ಟ್ಸ್ ಕೌಂಟರ್‌ಗೆ ಹೋಗಿ ಸೀಲ್ ಆರ್ಡರ್ ಹಾಕಿ, ಅದು ಬರುವ ತನಕ ಕಾಯಿರಿ. ಕೆಳಗೆ ಬರೆದಿರುವುದೆಲ್ಲ ಯಾಕೆ ಹಾಗೆ ಅನ್ನುವುದರ ಬಗ್ಗೆ. ಗೇರ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಸುತ್ತ ಕೂತು ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ ಇದು, ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಗ್ಯಾರೇಜಿನವರು ಆಕ್ಸೆಲ್ ಸೀಲ್ ಅಂತಾರೆ, ಅಂಗಡಿಯವರು ಡ್ರೈವ್ ಶಾಫ್ಟ್ ಆಯಿಲ್ ಸೀಲ್ ಅಂತಾರೆ, ಕೇಳುವಾಗ ಎರಡನ್ನೂ ಹೇಳಿ.

ನಮ್ಮದು 2001ರ ಪೆಟ್ರೋಲ್ ಜೆನ್. ಅದೇ ಕಾಲದ ಇನ್ನೊಂದು ಜೆನ್ ಮಾವನ ಮನೆಯಲ್ಲಿದೆ. ನಮ್ಮದಕ್ಕೆ ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಇಟ್ಟುಕೊಂಡಿದ್ದೇವೆ, ಮಾರುವ ಯೋಚನೆ ಇಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜ್‌ನಲ್ಲಿ ಎರಡೂ ಕಡೆ ಸೀಲ್ ಹಾಕಿಸಿದ್ದೆ. ಮಳೆ ನಿಲ್ಲುವ ಹೊತ್ತಿಗೆ ಪಾರ್ಕಿಂಗ್ ನೆಲದ ಮೇಲೆ ಮತ್ತೆ ಕಲೆ. ಗೇರ್ ಆಯಿಲ್ ವಾಸನೆ ಗೊತ್ತಲ್ವಾ, ಗಂಧಕದ ಘಾಟು, ಒಂದು ಸಲ ಮೂಸಿದರೆ ಎಂಜಿನ್ ಆಯಿಲ್ ಜೊತೆ ಗೊಂದಲ ಆಗುವುದೇ ಇಲ್ಲ. ಆಮೇಲೆ ಹಠ ಹಿಡಿದು ಸಿಗುವ ಎಲ್ಲ ಕಡೆಯಿಂದಲೂ ಸೀಲ್ ತರಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಕೆಲವನ್ನು ನಮ್ಮ ಕಾರಿಗೆ, ಕೆಲವನ್ನು ಮಾವನ ಕಾರಿಗೆ ಹಾಕಿಸಿದೆ.

ಹೋಲಿಸುವ ಮುಂಚೆ ದುಡ್ಡಿನ ಲೆಕ್ಕ ಸರಿಯಾಗಿ ಹಾಕಬೇಕು. ಸೀಲ್ ಬೆಲೆ ಏನೇನೂ ಅಲ್ಲ. ಆದರೆ ಅದನ್ನು ಬದಲಿಸಬೇಕಾದರೆ ಚಕ್ರ ಬಿಚ್ಚಬೇಕು, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಬೇಕು, ಗೇರ್ ಆಯಿಲ್ ಪೂರ್ತಿ ಇಳಿಸಬೇಕು, ಡ್ರೈವ್ ಶಾಫ್ಟ್ ಮೀಟಿ ಎಳೆಯಬೇಕು, ಆಮೇಲೆ ಹೊಸ ಆಯಿಲ್ ತುಂಬಬೇಕು. ಸೀಲ್ ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಈ ಕೂಲಿ ಮತ್ತು ಆಯಿಲ್ ಖರ್ಚು ಒಂದೇ. ಸೀಲ್‌ನಲ್ಲಿ ನೂರು ರೂಪಾಯಿ ಉಳಿಸಿ ಅದು ಮತ್ತೆ ಸೋರಿದರೆ, ಈ ಇಡೀ ಖರ್ಚು ಇನ್ನೊಂದು ಸಲ ಕೈಯಿಂದ ಹೋಗುತ್ತದೆ. ಹಾಗಾಗಿ ನಾನು ಸೀಲ್ ರೇಟ್ ನೋಡುವುದನ್ನೇ ಬಿಟ್ಟಿದ್ದೇನೆ.

ಮೊದಲು ಲೂಸ್ ಮಾಲು. ಡಬ್ಬಿ ಇಲ್ಲ, ಹೆಸರಿಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಜೋಡಿ ಸೀಲ್. ನಮ್ಮ ಗ್ಯಾರೇಜಿನವರು ಹಾಕಿದ್ದು ಇದನ್ನೇ. ಅದೇ ಥರದ ಇನ್ನೊಂದು ಜೋಡಿ ತಂದು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ರಬ್ಬರ್ ಅಂಚು, ಅಂದರೆ ಶಾಫ್ಟ್ ಮೇಲೆ ಕೂರುವ ಲಿಪ್, ಪೂರ್ತಿ ನುಣುಪಾಗಿರಬೇಕು. ಇದರಲ್ಲಿ ಅಚ್ಚಿನಿಂದ ತೆಗೆದಾಗ ಉಳಿದ ರಬ್ಬರ್ ಎಳೆ ಉಗುರಿಗೆ ಸಿಗುತ್ತಿತ್ತು. ಲಿಪ್ ಹಿಂದೆ ಸಣ್ಣ ಸ್ಪ್ರಿಂಗ್ ಬಳೆ ಇರುತ್ತದೆ, ಅದು ಲಿಪ್ ಅನ್ನು ಶಾಫ್ಟ್‌ಗೆ ಒತ್ತಿ ಹಿಡಿಯುತ್ತದೆ. ಒಂದರಲ್ಲಿ ಆ ಬಳೆ ಸಡಿಲವಾಗಿತ್ತು, ಬೆರಳಲ್ಲಿ ತಳ್ಳಿದರೆ ಕಳಚಿ ಬರುತ್ತಿತ್ತು. ಆದರೆ ಇದು ದೊಡ್ಡ ಸಮಸ್ಯೆ ಅಲ್ಲ. ದೊಡ್ಡ ಸಮಸ್ಯೆ ಬಾಣದ ಗುರುತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಯಾರೂ ಹೇಳುವುದಿಲ್ಲ. ಕೆಲವು ಆಯಿಲ್ ಸೀಲ್‌ಗಳ ಲಿಪ್ ಮೇಲೆ, ಹೊರಗಡೆಯ ಭಾಗದಲ್ಲಿ, ತೆಳ್ಳಗಿನ ಓರೆ ಗೆರೆಗಳು ಉಬ್ಬಿಕೊಂಡಿರುತ್ತವೆ. ಶಾಫ್ಟ್ ತಿರುಗುವಾಗ ಅಂಚಿಗೆ ಬಂದ ಆಯಿಲ್ ಅನ್ನು ಆ ಗೆರೆಗಳು ಒಳಕ್ಕೆ ತಳ್ಳುತ್ತವೆ. ಎಲ್ಲ ಗೆರೆಗಳೂ ಒಂದೇ ಕಡೆ ಓರೆಯಾಗಿದ್ದರೆ, ಆ ಸೀಲ್ ಒಂದು ದಿಕ್ಕಿಗೆ ತಿರುಗುವ ಶಾಫ್ಟ್‌ಗೆ ಮಾತ್ರ. ಯಾವ ದಿಕ್ಕು ಅಂತ ತಿಳಿಯಲು ಮುಖದ ಮೇಲೆ ಬಾಣ ಹಾಕಿರುತ್ತಾರೆ. ಈಗ ಕಾರಿನ ಎಡಗಡೆ ನಿಂತು ನೋಡಿ. ಮುಂದಕ್ಕೆ ಹೋಗುವಾಗ ಆ ಚಕ್ರ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಬಲಗಡೆ ನಿಂತು ನೋಡಿದರೆ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಅಂದಮೇಲೆ ಬಾಣದ ಸೀಲ್ ಆದರೆ ಎಡಕ್ಕೊಂದು, ಬಲಕ್ಕೊಂದು, ಬೇರೆ ಬೇರೆಯೇ ಬೇಕು.

ನನಗೆ ಸಿಕ್ಕ ಲೂಸ್ ಜೋಡಿಯಲ್ಲಿ ಎರಡರ ಬಾಣವೂ ಒಂದೇ ಕಡೆ ಇತ್ತು. ಆ ಜೋಡಿ ಹಾಕಿದರೆ ಒಂದು ಕಡೆ ಸೀಲ್ ಆಯಿಲ್ ತಡೆಯುತ್ತದೆ, ಇನ್ನೊಂದು ಕಡೆ ಅದೇ ಗೆರೆಗಳು ಆಯಿಲ್ ಅನ್ನು ಹೊರಕ್ಕೆ ಎಳೆಯುತ್ತವೆ. ಕಾರು ನಿಂತಿದ್ದಾಗ ಸೀಲ್‌ನಿಂದ ಹೊಸದಾಗಿ ಆಯಿಲ್ ಬರದೇ ಇರಬಹುದು, ಓಡುವಾಗ ಹೊರಬಂದದ್ದಷ್ಟೇ ಆಮೇಲೆ ತೊಟ್ಟಿಕ್ಕಿ ನೆಲದ ಮೇಲೆ ಕಲೆ ಮಾಡುತ್ತದೆ. ಹೈವೇನಲ್ಲಿ ದೂರ ಓಡಿಸಿ ಬಂದಮೇಲೆ ನೋಡಿದರೆ ಒಂದು ಕಡೆ ಚಕ್ರದ ಒಳಭಾಗವೆಲ್ಲ ಜಿಡ್ಡು. ಗ್ಯಾರೇಜ್‌ನಲ್ಲಿ ನಿಲ್ಲಿಸಿ, ಚೆಕ್ ಮಾಡಿ, "ಲೀಕ್ ಏನೂ ಇಲ್ಲ ಸಾರ್" ಅಂದು ಕಳಿಸುವುದು ಹೀಗೇ. ನಮ್ಮ ಕಾರಿಂದ ಬಿಚ್ಚಿದ ಸೀಲ್‌ಗಳನ್ನು ಆಮೇಲೆ ತೊಳೆದು ನೋಡಿದೆ. ಸೋರದ ಕಡೆಯದಕ್ಕೂ ಸೋರಿದ ಕಡೆಯದಕ್ಕೂ ಒಂದೇ ಬಾಣ. ಅಂಗಡಿಯಲ್ಲಿ ತೋರಿಸಿದರೆ, ಎರಡೂ ಕಡೆಗೂ ಅದೇ ಆಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ ಅಂದರು. ಬಾಣವೇ ಇಲ್ಲದ, ನುಣುಪು ಲಿಪ್ ಇರುವ ಸೀಲ್ ಎರಡೂ ಕಡೆಗೆ ಆಗುತ್ತದೆ, ಅದು ನಿಜ. ಬಾಣ ಇದ್ದರೆ ಆಗುವುದಿಲ್ಲ. ಇಷ್ಟೇ ವಿಷಯ. ಇದಕ್ಕೋಸ್ಕರ ಒಂದು ಗೇರ್ ಬಾಕ್ಸ್ ಆಯಿಲ್ ಕಡಿಮೆಯಾಗಿ ಬೇರಿಂಗ್ ಕೂಗುವ ಹಂತಕ್ಕೆ ಹೋಗಬಾರದು.

ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡ್‌ನಲ್ಲಿ ಬ್ರಾಂಡ್ ಹೆಸರಿನ ಡಬ್ಬಿಯಲ್ಲಿ ಬರುವ ಸೀಲ್ ಇದಕ್ಕಿಂತ ಎಷ್ಟೋ ವಾಸಿ. ಲಿಪ್ ನುಣುಪು, ಸ್ಪ್ರಿಂಗ್ ಬಿಗಿ, ರಬ್ಬರ್ ಮೆತ್ತಗೆ. ಮಾವನ ಕಾರಿಗೆ ಹಾಕಿಸಿದ್ದು ಇದೇ, ಇವತ್ತಿಗೂ ಒಣಗಿದೆ. ಒಳ್ಳೆಯ ಅಂಗಡಿ ಗೊತ್ತಿದ್ದರೆ ಇದು ನನ್ನ ಎರಡನೇ ಆಯ್ಕೆ.

ಆದರೆ ಕೇಳುವಾಗ ಹುಷಾರು. ಬರೀ "ಜೆನ್" ಅಂದರೆ ಸಾಲದು. ನಮ್ಮ ಹಳೆ ಜೆನ್ 1993ರಲ್ಲಿ ಬಂದು 2006ರಲ್ಲಿ ನಿಂತಿತು. ಅದೇ ವರ್ಷದ ಕೊನೆಗೆ ಜೆನ್ ಎಸ್ಟಿಲೋ ಬಂತು, ಅದು ಬೇರೆಯೇ ಕಾರು. ನಡುವೆ ಜೆನ್ ಡೀಸೆಲ್ ಅಂತಲೂ ಇತ್ತು, ಅದರ ಎಂಜಿನ್ ಪ್ಯೂಜೋದ್ದು. ಅಂಗಡಿಯ ಹುಡುಗ ಎಸ್ಟಿಲೋ ನೋಡಿ ಬೆಳೆದವನು. ಜೆನ್ ಅಂದರೆ ಅವನ ತಲೆಗೆ ಬರುವುದು ಅದೇ. ಹಾಗಾಗಿ "ಹಳೆ ಜೆನ್, ಪೆಟ್ರೋಲ್, ಇಂಥ ವರ್ಷದ್ದು" ಅಂತ ಹೇಳಿ. ಹಳೆ ಸೀಲ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಇನ್ನು ಎಸ್‌ಜೆಪಿ ರೋಡ್ ಕಡೆಯ ಬೇರಿಂಗ್, ಆಯಿಲ್ ಸೀಲ್ ಅಂಗಡಿಗಳು. ಇಲ್ಲಿ ಕಾರಿನ ಹೆಸರು ಬೇಕಿಲ್ಲ, ಅಳತೆ ಹೇಳಿದರೆ ಸಾಕು: ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಮೂರೂ ಮಿಲಿಮೀಟರ್‌ನಲ್ಲಿ. ಪಂಪ್‌ಗೆ, ಮೋಟಾರ್‌ಗೆ, ಟ್ರ್ಯಾಕ್ಟರ್‌ಗೆ ಎಲ್ಲದಕ್ಕೂ ಇಲ್ಲಿಂದಲೇ ಹೋಗುತ್ತದೆ. ನನಗೆ ಈ ಅಂಗಡಿಗಳು ಬಹಳ ಇಷ್ಟ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ. ನೈಟ್ರೈಲ್ ಬೇಕಾ, ವೈಟಾನ್ ಬೇಕಾ ಅಂತ ಕೇಳುತ್ತಾರೆ. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ತನಕ ತಡೆಯುತ್ತದೆ, ವೈಟಾನ್ 200ರ ಹತ್ತಿರ ಹೋಗುತ್ತದೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಜಾಸ್ತಿ. ನನ್ನಂತೆ ಸಾಧಾರಣವಾಗಿ ಓಡಿಸುವವರ ಗೇರ್ ಬಾಕ್ಸ್‌ಗೆ ನೈಟ್ರೈಲ್ ಸಾಕು. ಸುಮ್ನೆ ವೈಟಾನ್‌ಗೆ ದುಡ್ಡು ಹಾಕಬೇಡಿ.

ತೊಂದರೆ ಅಳತೆಯಲ್ಲಿ. ಸವೆದ ಸೀಲ್‌ನ ಒಳಭಾಗವನ್ನು ಕ್ಯಾಲಿಪರ್ ಹಾಕಿ ಅಳೆದರೆ ಸರಿಯಾದ ಅಂಕಿ ಬರುವುದಿಲ್ಲ, ಲಿಪ್ ಹಿಗ್ಗಿರುತ್ತದೆ. ಸೀಲ್ ಮುಖದ ಮೇಲೆ ಅಚ್ಚಾಗಿರುವ ಅಂಕಿಯನ್ನೇ ಓದಬೇಕು. ಅದು ಅಳಿಸಿಹೋಗಿದ್ದರೆ ಶಾಫ್ಟ್ ಅನ್ನೂ ಸೀಲ್ ಕೂರುವ ಗುಂಡಿಯನ್ನೂ ಅಳೆಯಬೇಕು. ದಪ್ಪ ಒಂದು ಮಿಲಿಮೀಟರ್ ಆಚೀಚೆ ಆದರೂ ಲಿಪ್ ಕೂರುವ ಜಾಗ ಬದಲಾಗುತ್ತದೆ. ಧೂಳು ತಡೆಯುವ ಹೊರಗಿನ ಎರಡನೇ ಲಿಪ್ ಇದೆಯಾ ಅಂತಲೂ ನೋಡಿ. ನಮ್ಮ ರಸ್ತೆಗಳ ಕೆಸರಿಗೆ ಅದು ಬೇಕೇ ಬೇಕು.

ಆದರೆ ಒಂದು ಕಡೆ ಈ ಸೈಜ್ ಅಂಗಡಿ ಕಂಪನಿ ಸೀಲ್‌ಗಿಂತಲೂ ಉಪಯೋಗಕ್ಕೆ ಬರುತ್ತದೆ. ಕಾರು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಶಾಫ್ಟ್ ಮೇಲೆ ಲಿಪ್ ಉಜ್ಜಿ ಉಜ್ಜಿ ಒಂದು ಗೀರು ಬಿದ್ದಿರಬಹುದು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ, ಎಂಥ ಒಳ್ಳೆಯ ಸೀಲ್ ಹಾಕಿದರೂ ಸೋರುವ ಭಯ ಇದ್ದೇ ಇದೆ. ಆಗ ಲಿಪ್ ಆ ಗೀರಿನ ಮೇಲೆ ಕೂರದಂತೆ ಸ್ವಲ್ಪ ಜರುಗಿಸಬೇಕು, ಇಲ್ಲವೇ ಶಾಫ್ಟ್ ಮೇಲೆ ತೆಳು ಸ್ಟೀಲ್ ಸ್ಲೀವ್ ಹಾಕಬೇಕು. ಇಂಥ ಸ್ಲೀವ್ ಬೇರಿಂಗ್ ಕಂಪನಿ ಎಸ್‌ಕೆಎಫ್‌ನವರು ಮಾಡುತ್ತಾರೆ. ಸ್ಲೀವ್ ಬಗ್ಗೆ ವಿಚಾರಿಸಲು ಸರಿಯಾದ ಜಾಗ ಇದೇ ಅಂಗಡಿಗಳು. ನಮ್ಮ ಶಾಫ್ಟ್ ಮೇಲೆ ಗೀರು ಮೇಲ್ಮೇಲೆ ಇತ್ತು, ಉಗುರಿಗೆ ಸಿಗಲಿಲ್ಲ, ಹಾಗಾಗಿ ಸ್ಲೀವ್ ಬೇಕಾಗಲಿಲ್ಲ.

ಆನ್‌ಲೈನ್: ಫೋಟೋದಲ್ಲಿ ಬಾಣ ಕಾಣುವುದಿಲ್ಲ, ಲಿಪ್ ಕಾಣುವುದಿಲ್ಲ, "ಜೆನ್‌ಗೆ ಆಗುತ್ತದೆ" ಅಂತ ಬರೆದಿರುತ್ತಾರೆ, ಯಾವ ಜೆನ್ ಅಂತ ಇರುವುದಿಲ್ಲ. ನನಗೆ ಬಂದದ್ದು ಮುಟ್ಟಿದರೆ ಗಟ್ಟಿ, ಎಷ್ಟೋ ಕಾಲ ಗೋಡೌನ್‌ನಲ್ಲಿ ಬಿದ್ದಿದ್ದ ರಬ್ಬರ್. ವಾಪಸ್ ಕಳಿಸಿದೆ. ಪಾರ್ಟ್ ನಂಬರ್ ಕೈಯಲ್ಲಿದ್ದು, ಕಂಪನಿ ಮಾಲನ್ನೇ ಮಾರುವವರು ಸಿಕ್ಕರೆ ಪರವಾಗಿಲ್ಲ.

ಬಳಸಿದ ಗೇರ್ ಬಾಕ್ಸ್‌ನಿಂದ ಬಿಚ್ಚಿದ ಸೀಲ್: ಬೇಡ.

ಕೊನೆಗೆ ಕಂಪನಿ ಸೀಲ್, ಮಾರುತಿ ಜೆನ್ಯೂನ್ ಪಾರ್ಟ್ಸ್ ಕವರ್‌ನಲ್ಲಿ ಬರುವುದು. ನನ್ನ ಕಾರಿನಲ್ಲಿ ಈಗ ಇರುವುದು ಇದೇ. ಆರ್‌ಸಿ ತೆಗೆದುಕೊಂಡು ಹೋಗಿ ಚಾಸಿ ನಂಬರ್ ಕೊಟ್ಟರೆ, ಹಳೆದಾ ಎಸ್ಟಿಲೋನಾ ಅನ್ನುವ ಗೊಂದಲಕ್ಕೆ ಜಾಗವೇ ಇಲ್ಲ. ಎಡಗಡೆಗೆ ಯಾವ ನಂಬರ್, ಬಲಗಡೆಗೆ ಯಾವ ನಂಬರ್ ಅಂತ ಬಿಡಿಸಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸುಜುಕಿ ಆಯಿಲ್ ಸೀಲ್‌ಗಳ ನಂಬರ್ ಸಾಮಾನ್ಯವಾಗಿ 09283 ಅಂತ ಶುರುವಾಗುತ್ತದೆ, ಅದರ ಮುಂದಿನ ಎರಡು ಅಂಕಿಗಳು ಒಳ ವ್ಯಾಸವನ್ನು ಹೇಳುತ್ತವೆ. ಕವರ್ ಮೇಲೆ ಪ್ಯಾಕ್ ಆದ ತಿಂಗಳು, ವರ್ಷ ಇರುತ್ತದೆ, ನೋಡಿ ತಗೊಳ್ಳಿ. ತೀರಾ ಹಳೆಯದಾದರೆ ಬೇರೆ ಕೇಳಿ.

ಇದರ ಕಷ್ಟ ಒಂದೇ, ಕಾಯುವುದು. ಈ ಕಾರು ತಯಾರಾಗುವುದು 2006ರಲ್ಲೇ ನಿಂತು ಹೋಯಿತು, ಕೌಂಟರ್‌ನಲ್ಲಿ ಸದಾ ಸ್ಟಾಕ್ ಇರಲಿ ಅಂದರೆ ಆಗದು. ಅಡ್ವಾನ್ಸ್ ಕೊಟ್ಟು ಬಂದೆ, ಸ್ವಲ್ಪ ದಿನ ಬಿಟ್ಟು ಫೋನ್ ಬಂತು. ಅಷ್ಟು ದಿನ ಆಯಿಲ್ ಮಟ್ಟ ನೋಡಿಕೊಂಡು ಊರೊಳಗೆ ಮಾತ್ರ ಓಡಿಸಿದೆ. ಸೀಲ್ ಕೈಗೆ ಬಂದ ಮೇಲೆಯೇ ಗ್ಯಾರೇಜ್‌ಗೆ ಬಿಡಿ, ಬಿಚ್ಚಿಟ್ಟು ಆಮೇಲೆ ಹುಡುಕಲು ಹೊರಟರೆ ಗ್ಯಾರೇಜಿನವರು ಕೈಗೆ ಸಿಕ್ಕ ಲೂಸ್ ಮಾಲು ಹಾಕಿ ಮುಗಿಸುತ್ತಾರೆ.

ನನ್ನ ತೀರ್ಮಾನಕ್ಕೆ ನನ್ನ ಓಡಾಟವೂ ಕಾರಣ. ಊರು ಸಕಲೇಶಪುರದ ಕಡೆ. ಹಬ್ಬ, ಮದುವೆ ಅಂದರೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡುತ್ತೇವೆ. ಘಾಟಿ ರಸ್ತೆಯಲ್ಲಿ ಗೇರ್ ಬಾಕ್ಸ್ ಬಗ್ಗೆ ಯೋಚನೆ ಇಟ್ಟುಕೊಂಡು ಓಡಿಸಲು ನನಗಾಗದು. ವಾರಕ್ಕೊಮ್ಮೆ ತರಕಾರಿಗೆ ಹೋಗಿ ಬರುವ ಕಾರಾದರೆ, ಅಥವಾ ನೀವಿರುವ ಊರಿನಿಂದ ಮಾರುತಿ ಕೌಂಟರ್ ದೂರವಾದರೆ, ಬ್ರಾಂಡ್ ಡಬ್ಬಿಯ ಸೀಲ್ ಧೈರ್ಯವಾಗಿ ಹಾಕಿಸಿ. ಲೂಸ್ ಮಾಲು ಮಾತ್ರ ಯಾರಿಗೂ ಬೇಡ, ಎಷ್ಟೇ ಕೈ ಬಿಗಿ ಇದ್ದರೂ.

ಹಾಕುವಾಗ ಹತ್ತಿರ ನಿಂತಿರಿ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ ಇರಬೇಕು. ಲಿಪ್‌ಗೆ ಸ್ವಲ್ಪ ಗ್ರೀಸ್ ಸವರಬೇಕು. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಮೂಲೆ ಬಡಿಯುವುದು ಬೇಡ, ಸೀಲ್‌ನಷ್ಟೇ ಅಗಲದ ಸಾಕೆಟ್ ಅಥವಾ ಪೈಪ್ ತುಂಡು ಇಟ್ಟು ಸಮನಾಗಿ ಕೂರಿಸಬೇಕು. ಶಾಫ್ಟ್ ತೂರಿಸುವಾಗ ಅದರ ಹಲ್ಲುಗಳು ಲಿಪ್ ಮೇಲೆ ಎಳೆದಾಡದಂತೆ ನೇರವಾಗಿ ಹಿಡಿಯಬೇಕು, ಒಳಗಿನ ಲಾಕ್ ರಿಂಗ್ ಟಕ್ ಅಂತ ಕೂತ ಸದ್ದು ಕೇಳಬೇಕು. ಗೇರ್ ಬಾಕ್ಸ್‌ನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಸಣ್ಣ ದಾರಿ, ಕೆಸರಿನಿಂದ ಮುಚ್ಚಿಹೋಗಿದ್ದರೆ ಸ್ವಚ್ಛ ಮಾಡಲು ಹೇಳಿ, ಒಳಗೆ ಒತ್ತಡ ಕಟ್ಟಿದರೆ ಹೊಸ ಸೀಲ್ ಕೂಡ ಸೋರುತ್ತದೆ. ಶಾಫ್ಟ್ ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದಾಗ ತುಂಬಾ ಆಟ ಕಂಡರೆ ಡಿಫರೆನ್ಷಿಯಲ್ (ಗೇರ್ ಬಾಕ್ಸ್ ಒಳಗೆ ಎರಡೂ ಶಾಫ್ಟ್‌ಗಳನ್ನು ತಿರುಗಿಸುವ ಭಾಗ) ಬೇರಿಂಗ್ ನೋಡಿಸಬೇಕು, ಅದು ಸವೆದಿದ್ದರೆ ಕಂಪನಿ ಸೀಲ್ ಆದರೂ ಬಾಳುವುದಿಲ್ಲ.