‘ಚಾನ್ಸ್’ ಪುಟದಿಂದ ಅಳೆದ ಒಂದು ಇಂಗ್ಲಿಷ್–ಚೈನೀಸ್ ಡಿಕ್ಷನರಿ

ಡಿಕ್ಷನರಿ ಹೇಗಿದೆ ಅಂತ ತಿಳಿಯೋಕೆ ನಾನು ಸಣ್ಣ ಪದಗಳನ್ನು ತೆಗೆದು ನೋಡುತ್ತೇನೆ. ‘ಫೋಟೋಸಿಂಥೆಸಿಸ್’ ಥರದ ಪದಕ್ಕೆ ಇರುವುದೇ ಒಂದು ಅರ್ಥ. ಅದನ್ನು ಯಾವ ಡಿಕ್ಷನರಿಯೂ ಸರಿಯಾಗಿಯೇ ಕೊಡುತ್ತದೆ. ‘ಗೆಟ್’, ‘ಟರ್ನ್’, ‘ಚಾನ್ಸ್’ ಇಂಥ ಪದಗಳ ಹತ್ತಿರ ಬಂದಾಗಲೇ ಮಾಡಿದವರ ಶ್ರಮ ಕಾಣೋದು. ಹಾಗಾಗಿ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಇಂಗ್ಲಿಷ್–ಚೈನೀಸ್ ಡಿಕ್ಷನರಿ’ ಬಗ್ಗೆ ಬರೆಯುವಾಗ ‘ಚಾನ್ಸ್’ ಒಂದೇ ಪದವನ್ನು ಹಿಡಿದುಕೊಂಡಿದ್ದೇನೆ.

ನನಗೆ ಚೀನೀ ಓದೋಕೆ ಬರುವುದಿಲ್ಲ. ಧಾರವಾಡದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಈಗ ಪುಣೆಯ ವಾಕಡ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ನಮ್ಮ ಸೊಸೈಟಿಯ ಎರಡನೇ ಮಹಡಿಗೆ ತೈವಾನಿನ ಒಂದು ಕುಟುಂಬ ಬಂದಿದೆ. ಗಂಡ ಚಾಕಣ್ ಕಡೆಯ ಕಾರ್ಖಾನೆಯಲ್ಲಿ ಇಂಜಿನಿಯರ್. ಹೆಂಡತಿ ತೈಚುಂಗ್ ಊರಿನವರು. ಮಗಳನ್ನು ಇಲ್ಲಿನ ಶಾಲೆಗೆ ಹಾಕಿದ್ದಾರೆ. ಶಾಲೆಯವರ ಜೊತೆ, ಡಾಕ್ಟರ್ ಜೊತೆ, ಸೊಸೈಟಿ ಆಫೀಸಿನವರ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಅಲ್ವಾ? ಅದಕ್ಕೆ ಆಕೆ ಮಧ್ಯಾಹ್ನ ನಮ್ಮ ಮನೆಗೆ ಪಾಠಕ್ಕೆ ಬರುತ್ತಾರೆ. ನನ್ನನ್ನು ‘ಲಾವ್‌ಶ’ ಅನ್ನುತ್ತಾರೆ, ಅಂದರೆ ಟೀಚರ್. ಈ ದಪ್ಪ ಪುಸ್ತಕ ಅವರು ಊರಿಂದ ತಂದದ್ದು. ಇಂಗ್ಲಿಷ್ ಸಾಲು ನಾನು ಓದುತ್ತೇನೆ, ಕೆಳಗಿನ ಚೀನೀ ಸಾಲು ಅವರು ಓದುತ್ತಾರೆ. ಆಮೇಲೆ ಎರಡೂ ಒಂದೇ ಮಾತು ಹೇಳುತ್ತಿವೆಯಾ ಅಂತ ಇಬ್ಬರೂ ಕೂತು ನೋಡುತ್ತೇವೆ.

ಇದರ ಹುಟ್ಟಿನ ಕತೆ ಹೇಳಲೇಬೇಕು, ಯಾಕೆಂದರೆ ಪುಸ್ತಕದ ಗುಣ ಅಲ್ಲಿಂದಲೇ ಬಂದಿದೆ. ಎ. ಎಸ್. ಹಾರ್ನ್‌ಬಿ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು 1920ರ ದಶಕದಲ್ಲಿ ಜಪಾನಿಗೆ ಪಾಠ ಹೇಳಲು ಹೋದರು. ಇಂಗ್ಲೆಂಡಿನವರು ತಮಗಾಗಿ ಮಾಡಿಕೊಂಡ ಡಿಕ್ಷನರಿ ಅಲ್ಲಿನ ಹುಡುಗರ ಕೈಗೆ ಕೊಟ್ಟರೆ ಏನೂ ಉಪಯೋಗವಿಲ್ಲ ಅಂತ ಅವರಿಗೆ ಗೊತ್ತಾಯಿತು. ಅರ್ಥ ತಿಳಿದರೂ ಹುಡುಗರಿಗೆ ವಾಕ್ಯ ಕಟ್ಟಲು ಬರುತ್ತಿರಲಿಲ್ಲ. ಗೇಟನ್‌ಬಿ, ವೇಕ್‌ಫೀಲ್ಡ್ ಎಂಬ ಇಬ್ಬರ ಜೊತೆ ಸೇರಿ ಕಲಿಯುವವರಿಗಾಗಿಯೇ ಒಂದು ಡಿಕ್ಷನರಿ ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನೇ ಬೇರೆ ಹೆಸರಲ್ಲಿ ತಂದರು. ಈಗಿನ ಡಿಕ್ಷನರಿ ಅದೇ ವಂಶದ್ದು. ಏಷ್ಯಾದ ಒಂದು ಕ್ಲಾಸ್‌ರೂಮಿನಲ್ಲಿ, ನಮ್ಮಂಥವರ ಕಷ್ಟ ನೋಡಿ ಹುಟ್ಟಿದ ಪುಸ್ತಕ ಇದು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ.

ಈಗ ‘ಚಾನ್ಸ್’ ಪುಟ. ಚೀನೀ ಮಾತಾಡುವವರಿಗೆ ಈ ಪದ ಕೇಳಿದ ಕೂಡಲೇ ನೆನಪಾಗುವುದು ‘ಜೀಹ್ವೇ’, ಅಂದರೆ ಅವಕಾಶ. ಶಾಲೆಯಲ್ಲಿ ಹಾಗೇ ಬಾಯಿಪಾಠ ಮಾಡಿಸಿರುತ್ತಾರೆ. ಆಕೆಯ ಫೋನಿನಲ್ಲಿದ್ದ ಒಂದು ಆ್ಯಪ್ ಕೂಡ ಅದೊಂದನ್ನೇ ದೊಡ್ಡದಾಗಿ ತೋರಿಸುತ್ತಿತ್ತು. ಈ ಡಿಕ್ಷನರಿಯಲ್ಲಿ ಅವಕಾಶ ಎರಡನೇ ಅರ್ಥ. ಮೊದಲನೆಯದು ಸಾಧ್ಯತೆ, ಅಂದರೆ ಏನೋ ಒಂದು ಆಗಬಹುದು ಅನ್ನುವುದು. ಮೂರನೆಯದು ಅಪಾಯ. ನಾಲ್ಕನೆಯದು, ಕಾರಣ ಕಾಣದೆ ತಾನಾಗಿ ನಡೆದುಹೋಗುವ ಸಂಗತಿ, ನಾವು ಆಕಸ್ಮಿಕ ಅನ್ನುತ್ತೇವಲ್ಲ ಅದು. ನಾಲ್ಕಕ್ಕೂ ಚೀನೀಯಲ್ಲಿ ಬೇರೆ ಬೇರೆ ಪದಗಳಿವೆ. ಸಾಧ್ಯತೆಗೆ ‘ಖನಂಗ್‌ಶಿಂಗ್’, ಅಪಾಯಕ್ಕೆ ಕೈಹಾಕುವುದಕ್ಕೆ ‘ಮಾವ್‌ಶ್ಯೆನ್’, ಅಕಸ್ಮಾತ್ತಾಗಿ ಅನ್ನಲು ‘ಫಂಗ್‌ಚ್ಯಾವ್’. ಈ ನಾಲ್ಕನ್ನು ಬಿಡಿಸಿ ಇಟ್ಟಿರುವ ಕ್ರಮವೇ ಆಕೆಗೆ ದೊಡ್ಡ ಪಾಠವಾಯಿತು. ತಾನು ಮುಖ್ಯ ಅಂದುಕೊಂಡಿದ್ದ ಅರ್ಥ ಎರಡನೇ ಜಾಗದಲ್ಲಿದೆ ಅಂತ ನೋಡಿ, ಮೊದಲನೆಯದನ್ನು ನಿಧಾನವಾಗಿ ಓದಿದರು.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷ್ ಪದವನ್ನೇ ನಾವು ಎಲ್ಲ ಅರ್ಥಗಳ ಸಮೇತ ತಗೊಂಡುಬಿಟ್ಟಿದ್ದೇವೆ. ‘ಮಳೆ ಬರೋ ಚಾನ್ಸ್ ಇದೆ’, ‘ಸಿನಿಮಾದಲ್ಲಿ ಚಾನ್ಸ್ ಸಿಕ್ತು’, ‘ಸುಮ್ನೆ ಚಾನ್ಸ್ ತಗೋಬೇಡ’ ಅಂತ ಹಳ್ಳಿಯಲ್ಲೂ ಹೇಳುತ್ತಾರೆ. ಇಲ್ಲಿ ಪುಣೆಯಲ್ಲಿ ನಮ್ಮ ಪ್ಲಂಬರ್ ಮರಾಠಿಯಲ್ಲಿ ‘ಚಾನ್ಸ್ ನಾಹೀ’ ಅಂತ ಕೈ ಆಡಿಸುತ್ತಾನೆ. ಆದರೆ ಮುಂದಿನ ವ್ಯಾಕರಣದಲ್ಲಿ ನಾವೂ ಅವರೂ ಒಂದೇ ಕಡೆ ಎಡವುತ್ತೇವೆ. ಚೀನೀಯಲ್ಲಿ ‘ಎ’, ‘ದ’ ಇಲ್ಲ. ಕನ್ನಡದಲ್ಲೂ ಇಲ್ಲ. ‘ಗಿವ್ ಮಿ ಚಾನ್ಸ್’ ಅಂತ ಧಾರವಾಡದ ಹುಡುಗರು ಬರೆದದ್ದನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ. ಆಕೆಯೂ ಹಾಗೇ ಬರೆಯುತ್ತಿದ್ದರು. ಡಿಕ್ಷನರಿ ಒಂದೊಂದು ಅರ್ಥದ ಪಕ್ಕದಲ್ಲೂ ಎಣಿಸಬಹುದಾದ ಪದಕ್ಕೆ ಒಂದು ಅಕ್ಷರ, ಎಣಿಸಲಾಗದ್ದಕ್ಕೆ ಇನ್ನೊಂದು ಅಕ್ಷರ ಹಾಕುತ್ತದೆ. ಅವಕಾಶ ಎಣಿಸುವಂಥದ್ದು, ಹಾಗಾಗಿ ‘ಎ ಚಾನ್ಸ್’. ಆಕಸ್ಮಿಕ ಎಣಿಸಲಾಗದ್ದು, ಹಾಗಾಗಿ ಬರೀ ‘ಬೈ ಚಾನ್ಸ್’. ಆ ಚಿಕ್ಕ ಅಕ್ಷರ ಇಷ್ಟೆಲ್ಲ ಹೇಳುತ್ತದೆ. ಎಷ್ಟೋ ಜನ ಅದನ್ನು ನೋಡದೆ ಪುಟ ತಿರುಗಿಸುತ್ತಾರೆ ಅನ್ನುವುದೇ ನನಗೆ ಬೇಸರ.

ಇನ್ನು ಚಾನ್ಸ್ ಆದಮೇಲೆ ಏನು ಬರಬೇಕು ಅನ್ನುವುದು. ಪುಸ್ತಕದ ನಿಜವಾದ ಬಲ ಇಲ್ಲಿದೆ. ಅವಕಾಶ ಅನ್ನುವ ಅರ್ಥವಿದ್ದರೆ ಸಾಮಾನ್ಯವಾಗಿ ‘ಟು’ ಬರುತ್ತದೆ: ‘ಎ ಚಾನ್ಸ್ ಟು ಸ್ಪೀಕ್’. ಸಾಧ್ಯತೆ ಆದರೆ ‘ಆಫ್’ ಅಥವಾ ‘ದ್ಯಾಟ್’: ‘ಎ ಚಾನ್ಸ್ ಆಫ್ ರೇನ್’. ಜುಲೈ ತಿಂಗಳ ಪುಣೆಯಲ್ಲಿ ಈ ಎರಡನೆಯದು ದಿನಾ ಬೇಕಾಗುವ ಮಾತು. ಆಕೆ ಮಾತ್ರ ‘ಟುಡೇ ಹ್ಯಾವ್ ಚಾನ್ಸ್ ಟು ರೇನ್’ ಅನ್ನುತ್ತಿದ್ದರು. ಯಾಕೆ ಅಂತ ಕೇಳಿದಾಗ ತಿಳಿಯಿತು, ತೈವಾನಿನಲ್ಲಿ ಹವಾಮಾನ ಹೇಳುವವರು ‘ಮಳೆ ಬರುವ ಜೀಹ್ವೇ ಇದೆ’ ಅಂತ ಹೇಳುವುದುಂಟಂತೆ. ಶೇಕಡಾ ಲೆಕ್ಕ ಹೇಳುವಾಗ ಅದು ‘ಜೀಲ್ಯೂ’ ಆಗುತ್ತದೆ. ಎರಡು ಪದಕ್ಕೂ ಶುರುವಿನ ಅಕ್ಷರ ಒಂದೇ. ಅವಕಾಶದ ಪದ ಸಾಧ್ಯತೆಯ ಕಡೆಗೂ ಸ್ವಲ್ಪ ಚಾಚಿಕೊಂಡಿದೆ. ಆದ್ದರಿಂದ ಅರ್ಥ ಅವರಿಗೆ ಸರಿಯಾಗಿಯೇ ಗೊತ್ತಿತ್ತು, ತಪ್ಪುತ್ತಿದ್ದದ್ದು ‘ಟು’ ಮತ್ತು ‘ಆಫ್’ ಮಾತ್ರ. ಬರೀ ಅರ್ಥ ಕೊಡುವ ಡಿಕ್ಷನರಿಯಿಂದ ಈ ತಪ್ಪು ಯಾವತ್ತೂ ಸರಿಹೋಗುವುದಿಲ್ಲ. ಇದರಲ್ಲಿ ಪ್ರತಿ ಅರ್ಥಕ್ಕೂ ಉದಾಹರಣೆ ವಾಕ್ಯಗಳಿವೆ, ಒಂದೊಂದರ ಕೆಳಗೂ ಚೀನೀ ಇದೆ. ನಾವು ಅವುಗಳನ್ನು ಜೋರಾಗಿ ಓದಿದೆವು. ಆಮೇಲೆ ಫೋನಿನಲ್ಲಿ ಆವತ್ತಿನ ಮಳೆಯ ಶೇಕಡಾ ನೋಡಿ ಆಕೆಯೇ ಹೊಸ ವಾಕ್ಯ ಮಾಡಿದರು.

‘ಟೇಕ್’ ಸೇರಿದಾಗ ವಿಷಯ ಇನ್ನೂ ಸೂಕ್ಷ್ಮ. ‘ಟೇಕ್ ದ ಚಾನ್ಸ್ ಟು’ ಅಂದರೆ ಸಿಕ್ಕ ಅವಕಾಶ ಬಳಸಿಕೊಳ್ಳುವುದು. ‘ಟೇಕ್ ಎ ಚಾನ್ಸ್’ ಅಂದರೆ ಅಪಾಯ ಇದ್ದರೂ ಮುಂದೆ ಹೋಗುವುದು. ‘ಟೇಕ್ ಚಾನ್ಸಸ್’ ಅಂತ ಬಹುವಚನ ಮಾಡಿದರೆ ಎಚ್ಚರಿಕೆ ಇಲ್ಲದೆ ನಡೆದುಕೊಳ್ಳುವುದು ಅಂತಲೂ ಆಗುತ್ತದೆ. ಮಗಳ ಶಾಲೆಗೆ ಬರೆದ ಒಂದು ಪತ್ರದಲ್ಲಿ ಆಕೆ, ಮಗಳು ಎಲ್ಲ ಚಟುವಟಿಕೆಯಲ್ಲೂ ಭಾಗವಹಿಸಲಿ ಅನ್ನುವ ಆಸೆಯಿಂದ, ‘ಶಿ ಲೈಕ್ಸ್ ಟು ಟೇಕ್ ಚಾನ್ಸಸ್’ ಅಂತ ಹಾಕಿದ್ದರು. ಕಳಿಸುವ ಮುಂಚೆ ನನಗೆ ತೋರಿಸಿದ್ದು ಒಳ್ಳೆಯದಾಯಿತು. ಡಿಕ್ಷನರಿಯಲ್ಲಿ ಈ ನುಡಿಗಟ್ಟುಗಳು ಪದದ ಕೊನೆಯಲ್ಲಿ, ಬೇರೆ ಗುಂಪಾಗಿ ಬರುತ್ತವೆ. ಅರ್ಥಗಳನ್ನು ಓದಿ ಅಲ್ಲಿಗೇ ನಿಲ್ಲಿಸಿದವರಿಗೆ ಅವು ಕಾಣುವುದೇ ಇಲ್ಲ. ದಯವಿಟ್ಟು ಕೊನೆಯವರೆಗೂ ಓದಿ.

ಆ ಕೊನೆಯ ಗುಂಪಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಬೈ ಎನಿ ಚಾನ್ಸ್’. ‘ಬೈ ಚಾನ್ಸ್’ ಅಂದರೆ ಅಕಸ್ಮಾತ್. ನಡುವೆ ‘ಎನಿ’ ಬಂದರೆ ಅದು ವಿನಯದ ಮಾತಾಗುತ್ತದೆ. ಪಕ್ಕದ ಮನೆಯವರನ್ನು ಏಣಿ ಕೇಳಬೇಕು ಅನ್ನಿ. ‘ಡು ಯು ಹ್ಯಾವ್ ಎ ಲ್ಯಾಡರ್’ ಅಂದರೆ ತಪ್ಪೇನಿಲ್ಲ, ಆದರೆ ನೇರ. ‘ಡು ಯು, ಬೈ ಎನಿ ಚಾನ್ಸ್, ಹ್ಯಾವ್ ಎ ಲ್ಯಾಡರ್’ ಅಂದರೆ ಎದುರಿನವರಿಗೆ ಇಲ್ಲ ಅನ್ನೋಕೂ ಜಾಗ ಬಿಟ್ಟ ಹಾಗೆ. ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಏನಾದ್ರೂ’: ‘ನಿಮ್ಮನೇಲಿ ಏನಾದ್ರೂ ಏಣಿ ಇದೆಯಾ?’ ಚೀನೀಯಲ್ಲಿ ಹಾಗೆ ಕೇಳುವಾಗ ಮೊದಲಿಗೇ ‘ಛಿಂಗ್‌ವನ್’ ಅನ್ನುತ್ತಾರಂತೆ, ದಯವಿಟ್ಟು ಒಂದು ಮಾತು ಕೇಳಲೇ ಅನ್ನುವ ಹಾಗೆ. ಪದಕ್ಕೆ ಪದ ಇಟ್ಟು ನೋಡಿದರೆ ಈ ಮೂರಕ್ಕೂ ಸಂಬಂಧವೇ ಇಲ್ಲ, ಆದರೆ ಮಾಡುವ ಕೆಲಸ ಒಂದೇ. ಇದನ್ನು ಕಲಿತ ಮೇಲೆ ಆಕೆ ಸೊಸೈಟಿ ಆಫೀಸಿಗೆ ಹೋಗಿ ನೀರಿನ ಟ್ಯಾಂಕರ್ ಬಗ್ಗೆ ಕೇಳಿದ ಧಾಟಿಯೇ ಬೇರೆಯಾಗಿತ್ತು. ನನಗೆ ಎಷ್ಟು ಸಂತೋಷವಾಯಿತೋ!

‘ಆನ್ ದಿ ಆಫ್ ಚಾನ್ಸ್’ ಅಂತ ಇನ್ನೊಂದು. ಇಲ್ಲಿಯ ‘ಆಫ್’ off, ಹಿಂದೆ ಹೇಳಿದ of ಅಲ್ಲ. ಆಗುತ್ತೋ ಇಲ್ಲವೋ, ಆದರೂ ಒಂದು ಸಣ್ಣ ಆಸೆ ಇಟ್ಟುಕೊಂಡು ಮಾಡುವುದು. ಆಕೆಗೆ ನೆನಪಾದದ್ದು ‘ವಾನ್‌ಯೀ’. ಅಕ್ಷರಶಃ ಅದು ಹತ್ತು ಸಾವಿರದಲ್ಲಿ ಒಂದು. ಕೇಳೋಕೆ ತುಂಬ ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ‘ವಾನ್‌ಯೀ’ ಹೆಚ್ಚಾಗಿ ಬರುವುದು ಕೆಟ್ಟದ್ದು ಆಗಿಬಿಟ್ಟರೆ ಅನ್ನುವ ಭಯಕ್ಕೆ, ಇಂಗ್ಲಿಷಿನದು ಬರುವುದು ಆಸೆಗೆ. ಕೊಡೆ ಇಟ್ಟುಕೊಂಡು ಹೋಗುವುದಕ್ಕೆ ‘ವಾನ್‌ಯೀ’ ಸರಿ. ಟಿಕೆಟ್ ಸಿಗಬಹುದೇನೋ ಅಂತ ಬಾಲಗಂಧರ್ವ ರಂಗಮಂದಿರದ ತನಕ ಹೋಗುವುದು ‘ಆಫ್ ಚಾನ್ಸ್’.

ಕೊರತೆಯೂ ಹೇಳಬೇಕು. ಅಕ್ಷರ ಬಹಳ ಸಣ್ಣದು, ಕಾಗದ ತೆಳು. ನನ್ನ ವಯಸ್ಸಿನವರಿಗೆ ಕಿಟಕಿ ಪಕ್ಕ ಕೂತೇ ಓದಬೇಕು. ಭಾರವೂ ಜಾಸ್ತಿ, ಕೈಚೀಲದಲ್ಲಿ ಹಾಕಿಕೊಂಡು ತಿರುಗುವ ಪುಸ್ತಕ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ದನಿ. ‘ನೋ ಚಾನ್ಸ್’ ಆಡುಮಾತು ಅಂತ ಗುರುತು ಹಾಕಬಹುದು, ಆದರೆ ಅದನ್ನು ಮಗಳ ಟೀಚರಿಗೆ ಹೇಳಿದರೆ ಒರಟಾಗುತ್ತದೆ, ಗೆಳತಿಗೆ ಹೇಳಿದರೆ ಸಲಿಗೆಯಾಗುತ್ತದೆ ಅನ್ನುವುದನ್ನು ಯಾವ ಅಚ್ಚಿನ ಪುಟವೂ ಕಿವಿಗೆ ಮುಟ್ಟಿಸಲಾರದು. ‘ಸ್ಲಿಮ್ ಚಾನ್ಸ್’, ‘ಫ್ಯಾಟ್ ಚಾನ್ಸ್’ ಕೂಡ ಹಾಗೇ. ಸಣ್ಣ, ದಪ್ಪ ಅಂದರೂ ಎರಡೂ ಹೇಳುವುದು ಆಗುವುದು ಕಷ್ಟ ಅಂತಲೇ. ಆದರೆ ಎರಡನೆಯದರಲ್ಲಿ ಚುಚ್ಚು ಇದೆ. ಅದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು. ಆರಂಭದ ಕಲಿಕೆಯವರಿಗೆ ಈ ಪುಸ್ತಕ ಹೆಚ್ಚಾಯಿತು. ಸಣ್ಣ ವಾಕ್ಯಗಳನ್ನು ತಾವೇ ಓದಬಲ್ಲವರಿಗೆ ಮಾತ್ರ ಕೊಡಿ.

ಆಫೀಸಿನ ತರಬೇತಿಗಳಲ್ಲಿ ಒಂದು ಮಾತು ಹೇಳುತ್ತಾರೆ: ಚೀನೀಯಲ್ಲಿ ಬಿಕ್ಕಟ್ಟು ಅನ್ನುವ ಪದ, ‘ವೇಜೀ’, ಅಪಾಯ ಮತ್ತು ಅವಕಾಶ ಸೇರಿ ಆಗಿದೆ ಅಂತ. ನನ್ನ ಮಗನೂ ಕೇಳಿ ಬಂದಿದ್ದ. ಆಕೆ ಒಪ್ಪಲಿಲ್ಲ. ‘ವೇಜೀ’ಯಲ್ಲಿ ಬರುವ ‘ಜೀ’ ಒಂದೇ ನಿಂತಾಗ ಅವಕಾಶ ಆಗುವುದಿಲ್ಲ, ಅಲ್ಲಿ ಅದು ತಿರುವಿನ ಘಳಿಗೆ ಎಂಬಂತೆ. ‘ಹ್ವೇ’ ಸೇರಿದಾಗಲೇ ಅವಕಾಶ. ಚೀನೀ ಸಹೋದ್ಯೋಗಿಗಳ ಮುಂದೆ ಈ ಮಾತು ಹೇಳುವವರು ಇದನ್ನು ತಿಳಿದಿರಲಿ ಅಂತ ಬರೆದೆ.

ಸಿಗುವ ವಿಷಯ. ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿದೆ. ಇಂಗ್ಲಿಷ್–ಮರಾಠಿ ಬೇಕಾದಷ್ಟಿವೆ, ಇದು ಸಿಗಲಿಲ್ಲ. ಊರಿಂದ ಬರುವವರ ಕೈಯಲ್ಲಿ ತರಿಸುವುದೇ ಸರಿ. ಅಲ್ಲಿಯವರೆಗೆ ಕೇಂಬ್ರಿಡ್ಜ್ ಡಿಕ್ಷನರಿಯ ವೆಬ್‌ಸೈಟಿನಲ್ಲಿ ಇಂಗ್ಲಿಷ್–ಚೈನೀಸ್ ಪುಕ್ಕಟೆ ಇದೆ, ಫೋನಿನಲ್ಲೇ ನೋಡಬಹುದು, ಉಚ್ಚಾರಣೆಯನ್ನೂ ಕೇಳಬಹುದು. ತರಿಸುವ ಮುಂಚೆ ಲಿಪಿ ಯಾವುದು ಅಂತ ಕೇಳಿಕೊಳ್ಳಿ. ತೈವಾನ್, ಹಾಂಗ್‌ಕಾಂಗ್‌ನವರು ಓದುವುದು ಹಳೆಯ ಲಿಪಿ. ಚೀನಾದಲ್ಲಿ 1950ರ ದಶಕದಿಂದ ಸರಳ ಲಿಪಿ ಬಂದಿದೆ. ಈ ಡಿಕ್ಷನರಿ ಎರಡರಲ್ಲೂ ಇದೆ, ಮತ್ತು ಒಂದರ ಬದಲು ಇನ್ನೊಂದು ಬಂದರೆ ಕಲಿಯುವವರಿಗೆ ಪ್ರತಿ ಸಾಲಿನಲ್ಲೂ ತಡವರಿಕೆ.